ಯುಗಾದಿಗೊಮ್ಮೆ, ಖಂಡೇ ನವಮಿಗೊಮ್ಮೆ ಆಯಿಲ್

ಹೊಸ ಕಾರು ತಗೊಂಡವರಿಗೆ ನಮ್ಮ ಬೆಳಗಾವಿಯಲ್ಲಿ ಸಲಹೆಗೇನೂ ಬರವಿಲ್ಲ. ಚಕ್ರದ ಕೆಳಗೆ ಒಡೆದ ನಿಂಬೆಹಣ್ಣಿನ ರಸ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲೇ ಓಣಿಯ ನಾಲ್ಕು ಮಂದಿ ಬಂದು ಕೇಳಿರುತ್ತಾರೆ: "ಸಾವಿರಕ್ಕ ಆಯಿಲ್ ಬದಲಿ ಮಾಡಸ್ತೀರಿ ಹೌದಲ್ಲೊ?" ಈ ಅಂಕಣ ಓದುವವರೂ ಮೇಲಿಂದ ಮೇಲೆ ಕೇಳುವುದು ಇದನ್ನೇ. ಶೋರೂಮಿನವರು ಬೇಡ ಅಂತಾರೆ, ಗ್ಯಾರೇಜಿನವರು ಬೇಕೇ ಬೇಕು ಅಂತಾರೆ. ಯಾರ ಮಾತು ಕೇಳೋದು?

ನಮ್ಮ ಮನೆಗೂ ಈ ಯುಗಾದಿಗೆ ಒಂದು ಸಣ್ಣ ಪೆಟ್ರೋಲ್ ಕಾರು ಬಂತು. ಹೌಸಿಗೆ ತಂದದ್ದಲ್ಲ. ನಮ್ಮತ್ತೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾವಿರುವುದು ನೆಹರು ನಗರದಲ್ಲಿ, ಕೆಎಲ್‌ಇ ಆಸ್ಪತ್ರೆ ಮನೆಯಿಂದ ಒಂದೂವರೆ ಕಿಲೋಮೀಟರ್ ಅಷ್ಟೇ. ಇಷ್ಟು ಸಮೀಪಕ್ಕೆ ಕಾರು ಯಾಕೆ ಅಂತ ಕೇಳಿದವರಿದ್ದಾರೆ. ನಾಲ್ಕು ತಾಸು ಮಷೀನಿಗೆ ಹಚ್ಚಿಸಿಕೊಂಡು ಹೊರಗೆ ಬಂದಾಗ ಅವರಿಗೆ ತಲೆ ಸುತ್ತಿರುತ್ತದೆ, ಬಿ.ಪಿ. ಇಳಿದಿರುತ್ತದೆ. ಆಷಾಢದ ಮಳೆಯಲ್ಲಿ ಆಟೋಗೆ ಕೈ ಮಾಡುತ್ತ ನಿಲ್ಲುವ ತ್ರಾಣ ಅವರಲ್ಲಿಲ್ಲ. ಸಾಲ ಏಳು ವರ್ಷದ್ದು. ಈ ಗಾಡಿ ಒಂದು ದಿನ ಕೈಕೊಟ್ಟರೆ ನಮಗೆ ತಪ್ಪುವುದು ಸಿನಿಮಾ ಅಲ್ಲ. ಹಾಗಾಗಿ ಆಯಿಲ್ ವಿಷಯವನ್ನು ನಾನು ಯಾರ ಬಾಯಿಮಾತಿಗೂ ಬಿಡದೆ ಬುಡದಿಂದ ತಿಳಿದುಕೊಳ್ಳೋಣ ಅಂತ ಹೊರಟೆ.

ನಮ್ಮ ಮಾಮಾ ಉದ್ಯಮಬಾಗದ ಮಷೀನ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ಬೆಳಗಾವಿಗೆ ಕುಂದಾ ಎಷ್ಟು ಹೆಸರೋ ಕಬ್ಬಿಣವೂ ಅಷ್ಟೇ ಹೆಸರು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಇದೇ ಊರಲ್ಲಿ. ಇವತ್ತಿಗೂ ಇಲ್ಲಿಯ ಫೌಂಡ್ರಿಗಳಲ್ಲಿ ಎರಕ ಹೊಯ್ದು, ಲೇತಿನಲ್ಲಿ ಕಡೆದ ಎಷ್ಟೋ ಭಾಗಗಳು ದೇಶದ ಗಾಡಿಗಳೊಳಗೆ ತಿರುಗುತ್ತಿವೆ. ಅಂಥವರಲ್ಲೊಬ್ಬರು ನಮ್ಮ ಮಾಮಾ. ಅವರು ಹೇಳಿದ್ದು ಹೀಗೆ:

"ನೋಡವಾ, ಸಿಲಿಂಡರಿನ ಒಳಮೈ ಕನ್ನಡಿಗತೆ ನುಣುಪ ಇದ್ರ ನಡೆಯೂದಿಲ್ಲ. ಬೀಸೂ ಕಲ್ಲಿಗೆ ಉಳಿ ಹೊಡಸ್ತಿದ್ದರಲ್ಲ, ಹಂಗ ಅದಕ್ಕೂ ಅಡ್ಡಡ್ಡ ಸಣ್ಣ ಗೀರು ಹಾಕಿರ್ತಾರ. ಹೋನಿಂಗ್ ಅಂತಾರ ಅದಕ್ಕ. ಆ ಗೀರಿನಾಗ ಆಯಿಲ್ ನಿಲ್ಲತೈತಿ, ಪಿಸ್ಟನ್ ರಿಂಗು ಅದಕ್ಕ ತಿಕ್ಕಿ ತಿಕ್ಕಿ ಹೊಂದಿಕೋತಾವ. ಉಳಿ ಹೊಡಸಿದ ಮ್ಯಾಲ ಮೊದಲನೇ ಹಿಟ್ಟು ನಿಮ್ಮಜ್ಜಿ ಏನ್ ಮಾಡ್ತಿದ್ಲು?"

ದನಕ್ಕೆ ಹಾಕುತ್ತಿದ್ದಳು. ಅದರಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಮೊದಲ ಆಯಿಲ್ಲನ್ನು ಬೇಗ ತೆಗೆಯಬೇಕು ಅನ್ನುವ ಮಾತಿನ ಬೇರು ಇದೇ. ರಿಂಗು, ಬೇರಿಂಗು, ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ, ಎರಕದ ಉಸುಕಿನ ಕಣ, ಜೋಡಣೆಯಲ್ಲಿ ಹಚ್ಚಿದ ಅಂಟಿನ ಚೂರು, ಎಲ್ಲ ಬಂದು ಆ ಮೊದಲ ಆಯಿಲ್ಲಿಗೇ ಸೇರುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇದು ಕಣ್ಣಿಗೆ ಕಾಣುವಷ್ಟೇ ಇರುತ್ತಿತ್ತಂತೆ. ಆವಾಗ 500ಕ್ಕೋ 1,000ಕ್ಕೋ ಆಯಿಲ್ ತೆಗೆಯುತ್ತಿದ್ದದ್ದು ಹುಚ್ಚುತನವಲ್ಲ.

ಈಗಿನ ಕಂಪನಿಗಳು ಯಾಕೆ ಬೇಡ ಅನ್ನುತ್ತವೆ ಅಂದರೆ, ಈಗಿನ ಕಲ್ಲು ಅಷ್ಟು ಪುಡಿ ಬಿಡುವುದಿಲ್ಲ. ಕಡೆಯುವ ಮಷೀನುಗಳು ಸೂಕ್ಷ್ಮವಾಗಿವೆ, ಜೋಡಿಸುವ ಮುಂಚೆ ಭಾಗಗಳನ್ನು ಚೆನ್ನಾಗಿ ತೊಳೆಯುತ್ತಾರೆ, ದೊಡ್ಡ ಕಣಗಳನ್ನು ಫಿಲ್ಟರ್ ಹಿಡಿದಿಡುತ್ತದೆ. ಹೋಂಡಾ ಕಂಪನಿಯ ಕಾರಿನ ಪುಸ್ತಕಗಳಲ್ಲಂತೂ ಗೊತ್ತು ಮಾಡಿದ ಸರ್ವಿಸ್ ಬರುವ ತನಕ ಮೊದಲ ಆಯಿಲ್ ಬದಲಿಸಬೇಡಿ ಅಂತ ನೇರವಾಗಿಯೇ ಬರೆದಿರುತ್ತದೆ. ಮಾಮಾಗೆ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು. ನಾ ಇದ್ದಾಗಿನ ಮಷೀನೇ ಬ್ಯಾರೆ" ಅಂದರು. ಮೂವತ್ತು ವರ್ಷ ಅನುಭವ ಇದ್ದವರು ಹೀಗೆ ಅನ್ನುವುದು ಅಪರೂಪ.

ಓಣಿಯ ನಾಲ್ಕು ಮಂದಿಗೆ ಈ ಸಾವಿರದ ಲೆಕ್ಕ ಎಲ್ಲಿಂದ ಬಂತು ಅಂದರೆ, ನನ್ನ ಅಂದಾಜು, ಬೈಕಿನಿಂದ. ನಮ್ಮಲ್ಲಿ ಬಹಳ ಮನೆಗಳಿಗೆ ಮೊದಲು ಬರುವುದು ಬೈಕು, ಕಾರು ಆಮೇಲೆ. ಬೈಕಿಗೆ ಮೊದಲ ಆಯಿಲ್ 500ರಿಂದ 1,000 ಕಿಲೋಮೀಟರಿನೊಳಗೇ ಬದಲಿಸುತ್ತಾರೆ, ಕಂಪನಿಯೇ ಹಾಗೆ ಹೇಳುತ್ತದೆ. ಅದಕ್ಕೆ ಕಾರಣವೂ ಇದೆ: ಬಹುತೇಕ ಬೈಕುಗಳಲ್ಲಿ ಇಂಜಿನ್, ಕ್ಲಚ್, ಗೇರು ಮೂರಕ್ಕೂ ಅದೇ ಒಂದು ಲೀಟರ್ ಆಯಿಲ್. ಗೇರಿನ ಹಲ್ಲಿನ ಪುಡಿ, ಕ್ಲಚ್ ಪ್ಲೇಟಿನ ಪುಡಿ ಎಲ್ಲ ಅದರಲ್ಲೇ. ಕಾರಿನಲ್ಲಿ ಗೇರ್‌ಬಾಕ್ಸಿನ ಆಯಿಲ್ ಬೇರೆ, ಇಂಜಿನ್ನಿನದು ಬೇರೆ. ಖಾನಾಪುರದ ಕಡೆ ನಮ್ಮ ತವರಿನಲ್ಲಿ ಟ್ರ್ಯಾಕ್ಟರ್ ಇದೆ. ಅದಕ್ಕೆ 50 ತಾಸಿಗೇ ಮೊದಲ ಸರ್ವಿಸ್. ಬೈಕಿನ ಬುದ್ಧಿ, ಟ್ರ್ಯಾಕ್ಟರಿನ ಬುದ್ಧಿ ಎರಡೂ ಅವುಗಳ ಮಟ್ಟಿಗೆ ಸರಿ. ಕಾರಿಗೆ ಹಾಗೇ ತಂದು ಹಚ್ಚುವುದು ಮಾತ್ರ ಬರೋಬ್ಬರಿ ಅಲ್ಲ.

ಹಾಗಂತ ಸಾವಿರಕ್ಕೆ ಬದಲಿಸಿದವರು ತಪ್ಪು ಮಾಡಿದರು ಅಂತಲ್ಲ. ಪುಸ್ತಕದಲ್ಲಿ ಬೇಡ ಅಂತ ಇಲ್ಲದಿದ್ದರೆ, ಅದೇ ಗ್ರೇಡಿನ ಆಯಿಲ್ ಹಾಕಿಸಿ ಬಿಲ್ ಇಟ್ಟುಕೊಂಡರೆ, ಇಂಜಿನ್ನಿಗೆ ಕೇಡಿಲ್ಲ. ಕಿಸೆಗೆ ಮಾತ್ರ ಸ್ವಲ್ಪ ಭಾರ. ಆದರೆ ನಮ್ಮಂಥ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಸಾವಿರ ಕಿಲೋಮೀಟರಿನದು ಅಲ್ಲವೇ ಅಲ್ಲ. ಲೆಕ್ಕ ನೋಡಿ. ವಾರಕ್ಕೆ ಮೂರು ಸಲ ಆಸ್ಪತ್ರೆ, ಹೋಗಿ ಬಂದರೆ ಒಂಬತ್ತು ಕಿಲೋಮೀಟರ್. ನಡುನಡುವೆ ರವಿವಾರ ಪೇಟೆ, ಖಡೇ ಬಜಾರು. ಒಂದು ತಿಂಗಳಿಗೆ ಮೊದಲ ಸರ್ವಿಸಿಗೆ ಹೋದಾಗ ಮೀಟರಿನಲ್ಲಿ ಇನ್ನೂರ ಚಿಲ್ಲರೆ ಇತ್ತು, ಸರ್ವಿಸಿನ ಹುಡುಗ ನಕ್ಕ. ಸಾವಿರ ಆಗಿದ್ದು ಶ್ರಾವಣದಲ್ಲಿ. ಇಷ್ಟು ಕಡಿಮೆ ಓಡಿದ ಗಾಡಿಯ ಆಯಿಲ್ ಹೊಸದೇ ಇರುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಇರುವುದಿಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಉಗಿಯಾಗಿ ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ಸೈಲೆನ್ಸರಿನ ಬಾಯಿಂದ ಹನಿ ಹನಿ ನೀರು ತೊಟ್ಟಿಕ್ಕುವುದನ್ನು ನೀವೂ ನೋಡಿರುತ್ತೀರಿ. ಸ್ವಲ್ಪ ಪಾಲು ರಿಂಗಿನ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ, ಅದರ ಜೊತೆ ಉರಿಯದ ಪೆಟ್ರೋಲೂ ಒಂದಿಷ್ಟು. ಗಾಡಿ ಅರ್ಧ ತಾಸು ಓಡಿದರೆ ಆಯಿಲ್ ಚೆನ್ನಾಗಿ ಕಾಯ್ದು ನೀರು ಆವಿಯಾಗಿ ಹೋಗುತ್ತದೆ, ಪೆಟ್ರೋಲೂ ಬಹಳ ಮಟ್ಟಿಗೆ ಹೋಗುತ್ತದೆ. ನಮ್ಮ ಗಾಡಿ ಓಡುವುದೇ ಐದು ನಿಮಿಷ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಬಿಸಿ ರೇಡಿಯೇಟರಿನ ನೀರಿನದು, ಆಯಿಲ್ ಕಾಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆಸ್ಪತ್ರೆಯಲ್ಲಿ ನಾಲ್ಕು ತಾಸು ನಿಂತು ಇಂಜಿನ್ ಮತ್ತೆ ತಣ್ಣಗಾಗಿರುತ್ತದೆ, ವಾಪಸ್ ಬರುವಾಗ ಮತ್ತೆ ಐದು ನಿಮಿಷ. ಹಾಲು ಕಾಯಿಸಲು ಇಟ್ಟು ಉಕ್ಕುವ ಮುಂಚೆಯೇ ಗ್ಯಾಸ್ ಆರಿಸಿದ ಹಾಗೆ, ದಿನಾ.

ಶ್ರಾವಣದ ಒಂದು ಮುಂಜಾನೆ ಮಾಮಾ ಬಾನೆಟ್ ತೆಗೆಸಿ, ಆಯಿಲ್ ಹಾಕುವ ಮುಚ್ಚಳ ತಿರುವಿ ತೋರಿಸಿದರು. ಒಳಗಡೆ ಕಂದು ಬಿಳಿ ಕೆನೆ ಹತ್ತಿತ್ತು, ಚಹಾದ ಮೇಲಿನ ಕೆನೆಯ ಹಾಗೆ. ನನ್ನ ಎದೆ ಧಸಕ್ಕೆಂದಿತು. ಇಂಥ ಕೆನೆ ಕಂಡಾಗ ಮೊದಲು ನೋಡಬೇಕಾದದ್ದು ಕೂಲಂಟ್ ಬಾಟ್ಲಿ. ಅದರ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು, ಅದು ದೊಡ್ಡ ಕೆಲಸ, ತಡ ಮಾಡದೆ ತೋರಿಸಬೇಕು. ನಮ್ಮದು ಗೆರೆಯ ಮಟ್ಟಕ್ಕೇ ಇತ್ತು, ಗೇಜ್ ಕಡ್ಡಿಗೆ ಹತ್ತಿದ ಆಯಿಲ್ಲಿನಲ್ಲಿ ಕೆನೆ ಇರಲಿಲ್ಲ. "ಇದು ಬರೇ ಥಂಡಿ ನೀರಿನ ಕೆನಿ, ಹೆದರಬ್ಯಾಡ. ಗಾಡಿ ಬೆವರ ಬಿಡಬೇಕವಾ, ವಾರಕ್ಕೊಮ್ಮೆ ಖಾನಾಪುರಕ್ಕ ಹೊಡಿ" ಅಂದರು.

ಅಂದಿನಿಂದ ರವಿವಾರ ನನ್ನ ತವರಿನ ದಿನ. ಹೋಗುವುದು ಮೂವತ್ತು ಕಿಲೋಮೀಟರ್, ಬರುವುದು ಮೂವತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವ್ವನ ಮನೆಗೆ ಇಷ್ಟು ಸಲ ಹೋಗಲು ಇಂಥ ಗಟ್ಟಿ ಕಾರಣ ನನಗೆ ಸಿಕ್ಕಿರಲಿಲ್ಲ, ನಮ್ಮತ್ತೆಯವರೇ ಶನಿವಾರ ರಾತ್ರಿ "ನಾಳೆ ಗಾಡಿ ಕಾಯಿಸಾಕ ಹೋಗ್ತಿಯೇನು?" ಅಂತ ನಗುತ್ತ ನೆನಪು ಮಾಡುತ್ತಾರೆ. ಮೂರನೇ ವಾರಕ್ಕೆ ಮುಚ್ಚಳದ ಕೆನೆ ಹೋಗಿತ್ತು.

ಹೊಸ ಗಾಡಿಗೆ ಆ ದಾರಿಯೂ ಒಳ್ಳೆಯದೇ. ಮೊದಲ ಸಾವಿರ ಕಿಲೋಮೀಟರಿನಲ್ಲಿ ಒಂದೇ ವೇಗದಲ್ಲಿ ತಾಸುಗಟ್ಟಲೆ ಓಡಿಸಬಾರದು, ಆಕ್ಸಿಲೇಟರ್ ಪೂರ್ತಿ ಒತ್ತಬಾರದು. ಖಾನಾಪುರ ರಸ್ತೆ ಈ ಪಾಠವನ್ನು ತಾನೇ ಕಲಿಸುತ್ತದೆ: ಉದ್ಯಮಬಾಗದ ಹತ್ತಿರ ಲಾರಿಗಳ ಹಿಂದೆ ಎರಡನೇ ಗೇರು, ಪೀರನವಾಡಿಯಲ್ಲಿ ಮೂರು, ಮಚ್ಛೆ ದಾಟಿದ ಮೇಲೆ ನಾಲ್ಕು, ಐದು. ಇದಕ್ಕೆ ಬದಲು ಹೊಸ ಗಾಡಿ ತಗೊಂಡ ವಾರಕ್ಕೇ ಐದು ಮಂದಿ, ಸಾಮಾನು ತುಂಬಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿದ್ದಾರೆ. ಬರುವಾಗ ಏರಿನಲ್ಲಿ ಮೇಲಿನ ಗೇರಿನಲ್ಲೇ ಗೊರಗೊರ ಅನ್ನಿಸುತ್ತ ಎಳೆಸುತ್ತಾರೆ. ಸಾವಿರಕ್ಕೆ ಆಯಿಲ್ ಬದಲಿಸಿದರೆ ಆ ಎಳೆದಾಟದ ಪೆಟ್ಟು ವಾಪಸ್ ಬರುವುದಿಲ್ಲ. ಮುಂಜಾನೆ ಚಾಲೂ ಮಾಡಿ ಐದು ನಿಮಿಷ ನಿಂತಲ್ಲೇ ಕಾಯಿಸುವ ಹಳೇ ರೂಢಿಯೂ ಬೇಡ. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡಬೇಕು.

ಇನ್ನು ಸರ್ವಿಸ್. ಕೌಂಟರಿನಲ್ಲಿ ಹೇಳಿದ್ದು 10,000 ಕಿಲೋಮೀಟರ್ ಅಥವಾ ಒಂದು ವರ್ಷ. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಯಾರೂ ಓದುವುದಿಲ್ಲ, ನಾನು ಓದಿದೆ. ಹಿಂದಿನ ಪುಟಗಳಲ್ಲಿ ಕಠಿಣ ಬಳಕೆ ಅಂತ ಬೇರೆ ಪಟ್ಟಿ ಇರುತ್ತದೆ: ಧೂಳು, ಏರು ರಸ್ತೆ, ಭಾರ ಎಳೆಯುವುದು, ಪದೇ ಪದೇ ಸಣ್ಣ ಸಣ್ಣ ಓಡಾಟ. ಅಂಥವರಿಗೆ ಅವಧಿ ಅರ್ಧ. ಕಠಿಣ ಅಂದರೆ ಲಡಾಖಿನ ದಾರಿ ಅಂದುಕೊಂಡಿರುತ್ತೇವೆ, ನೆಹರು ನಗರದ ಒಂದೂವರೆ ಕಿಲೋಮೀಟರೂ ಅದರಲ್ಲೇ ಬರುತ್ತದೆ. ಆ ಪುಟ ತೆಗೆದು ತೋರಿಸಿದೆ. ಸರ್ವಿಸಿನವರು ಒಮ್ಮೆ ಪುಟ ನೋಡಿ, ಒಮ್ಮೆ ಮೀಟರ್ ನೋಡಿ, "ಹಂಗಾರ ಆರು ತಿಂಗಳಿಗೆ ಮಾಡೋಣ ಬಿಡ್ರಿ ಮೇಡಮ್" ಅಂದರು.

ಯುಗಾದಿಗೆ ಬಂದ ಗಾಡಿಗೆ ಖಂಡೇ ನವಮಿಗೆ ಆರು ತಿಂಗಳು. ಹ್ಯಾಗೂ ಪೂಜೆಗೆ ತೊಳೆಯುವುದಿದ್ದೇ ಇದೆ, ಅದರ ಹಿಂದಿನ ದಿನವೇ ಆಯಿಲ್, ಫಿಲ್ಟರ್ ಎರಡೂ ಬದಲಿ ಮಾಡಿಸಿದೆ. ಮೀಟರಿನಲ್ಲಿ 1,800ರ ಹತ್ತಿರ. "ಎರಡು ಸಾವಿರಾನೂ ಓಡಿಲ್ಲ, ಮೂರು ಸಾವಿರ ರೂಪಾಯಿ ಆಯಿಲ್ ಚೆಲ್ಲಿಸಿದಿ" ಅಂತ ನಮ್ಮನೆಯವರು ಗೊಣಗಿದರು. ಅವರ ಮಾತೂ ಸುಳ್ಳಲ್ಲ, ತಿಂಗಳ ಕಂತು ಕಟ್ಟುವವರು ಅವರು. ಹೊರಬಂದ ಆಯಿಲ್ಲನ್ನು ಮಾಮಾ ಎರಡು ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿ ಅವರ ಮುಂದೆ ಹಿಡಿದರು. ಪೆಟ್ರೋಲ್ ವಾಸನೆ ಇಬ್ಬರಿಗೂ ಬಂತು. ಆಮೇಲೆ ಗೊಣಗಲಿಲ್ಲ.

ಬಿಲ್ಲಿನ ಬಗ್ಗೆ ಎರಡು ಮಾತು. ಇಂಜಿನ್ ಫ್ಲಶ್, ಡೀಕಾರ್ಬನ್, ಆಯಿಲ್ಲಿಗೆ ಬೆರೆಸುವ ಇನ್ಯಾವುದೋ ಬಾಟ್ಲಿ ಅಂತ ಸೇರಿಸಲು ಬಂದರೆ ಬೇಡ ಅನ್ನಿ. ಹೊಸ ಇಂಜಿನ್ನಿಗೆ ಅವು ಬೇಕಿಲ್ಲ. ಗ್ರೇಡ್ ಪುಸ್ತಕದಲ್ಲಿ ಇದ್ದದ್ದೇ ಇರಲಿ. ನಮ್ಮದಕ್ಕೆ 0ಡಬ್ಲ್ಯು-20, ನೀರಿನಂತೆ ತೆಳು. ಹಳಬರು ಅದನ್ನು ನೋಡಿ ದಪ್ಪನೆಯ 20ಡಬ್ಲ್ಯು-50 ಹಾಕ್ರಿ ಅಂತಾರೆ. ಈಗಿನ ಇಂಜಿನ್ನುಗಳ ಸಂದಿ ಬಹಳ ಸಣ್ಣವು, ದಪ್ಪ ಆಯಿಲ್ ತಣ್ಣಗಿರುವಾಗ ಅಲ್ಲಿಗೆ ಬೇಗ ತಲುಪುವುದಿಲ್ಲ, ಮತ್ತು ವಾರಂಟಿಯ ಮಾತು ಬಂದಾಗ ಅದೇ ನೆಪವಾಗುತ್ತದೆ. ಆಯಿಲ್ ಕಪ್ಪಾಗಿದೆ ಅಂತಲೂ ಗಾಬರಿ ಬೇಡ, ಕೊಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಹದಿನೈದು ದಿನಕ್ಕೊಮ್ಮೆ, ಮುಂಜಾನೆ, ಸಪಾಟಾದ ಜಾಗದಲ್ಲಿ, ಇಂಜಿನ್ ಚಾಲೂ ಮಾಡುವ ಮುಂಚೆ ಗೇಜ್ ಕಡ್ಡಿ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಹೊಸ ಇಂಜಿನ್ ರಿಂಗು ಹೊಂದುವ ತನಕ ಸ್ವಲ್ಪ ಆಯಿಲ್ ಕುಡಿಯುವುದುಂಟು; ಕೆಳಗಿನ ಗುರುತಿಗೆ ಬಂದರೆ ತುಂಬಿಸಿ, ಮೇಲಿನ ಗುರುತು ಮೀರಬೇಡಿ. ಮೀರಿದರೆ ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಕಾಯುವುದಿಲ್ಲ. ಇಳಿಯುವ ಬದಲು ಮಟ್ಟ ತಾನಾಗಿ ಏರುತ್ತಿದ್ದರೆ ಒಳಗೆ ಪೆಟ್ರೋಲ್ ಇಲ್ಲವೇ ನೀರು ಸೇರುತ್ತಿದೆ ಅಂತ ಲೆಕ್ಕ, ಆವಾಗ ಯುಗಾದಿ, ದಸರೆ ಅಂತ ಕಾಯದೆ ತೋರಿಸಿ. ಇಷ್ಟಕ್ಕೆ ಬೇಕಾದದ್ದು ಎರಡು ನಿಮಿಷ ಮತ್ತು ಒಂದು ಹಳೇ ಅರಿವೆ.

ಗೋಕಾಕದಿಂದ ಒಬ್ಬ ಓದುಗರು ತಮ್ಮ ಡೀಸೆಲ್ ಗಾಡಿಯಲ್ಲಿ ಹೀಗೇ ಆಯಿಲ್ ಮಟ್ಟ ಏರುತ್ತಿದೆ ಅಂತ ಬರೆದಿದ್ದಾರೆ. ಬಿಎಸ್-6 ಡೀಸೆಲ್ಲಿನಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಸಣ್ಣ ಓಡಾಟದಲ್ಲಿ ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಲಾಗದೆ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ. ಅದರ ಕಥೆ ಬೇರೆಯೇ ಇದೆ, ಮುಂದಿನ ಸಲ ಬರೆಯುತ್ತೇನೆ. ಅಲ್ಲಿಯ ತನಕ ಅವರು ಗಾಡಿಯನ್ನು ಸರ್ವಿಸಿಗೆ ಒಯ್ದು ತೋರಿಸಲಿ.