ಹೊಸ ದಾದಿಯನ್ನು ಒಂಟಿಯಾಗಿ ಬಿಡಬೇಡಿ

ಮಣಿಪಾಲ, ಉಡುಪಿಗಳ ನರ್ಸಿಂಗ್ ಕಾಲೇಜುಗಳಿಂದ ವರ್ಷ ವರ್ಷವೂ ಪದವಿ ಪಡೆದು ಹೊರಬರುವವರಲ್ಲಿ ಕಾರ್ಕಳದ ಗೇರುಬೀಜ ಕಾರ್ಖಾನೆಯ ಕೆಲಸಗಾರ್ತಿಯ ಮಗಳಿದ್ದಾಳೆ, ಕಾಪು ಪೇಟೆಯ ಸಣ್ಣ ಅಂಗಡಿಕಾರನ ಮಗಳಿದ್ದಾಳೆ. ಅವರಲ್ಲೊಬ್ಬಳು "ನನ್ನ ಮೊದಲ ಕೆಲಸವೇ ಮನೋರೋಗಿಗಳ ವಾರ್ಡಿನಲ್ಲಿ" ಎಂದರೆ ಮನೆಯಲ್ಲಿ ಏನಾಗುವುದೆಂದು ಓದುಗರಿಗೆ ಹೇಳಬೇಕಾದುದಿಲ್ಲ. "ಹುಚ್ಚಾಸ್ಪತ್ರೆಯೇ?" ಎಂದು ತಾಯಿ ಬೆಚ್ಚುತ್ತಾಳೆ. ನೆಂಟರು ಮದುವೆಯ ಮಾತೆತ್ತುತ್ತಾರೆ. ಹಿರಿಯ ದಾದಿಯರು ಕೂಡ, "ಮೊದಲು ಎರಡು ವರ್ಷ ಸಾಮಾನ್ಯ ವಾರ್ಡಿನಲ್ಲಿ ದುಡಿ, ಇಲ್ಲವಾದರೆ ಕಲಿತದ್ದೆಲ್ಲ ಮರೆತುಹೋದೀತು" ಎನ್ನುತ್ತಾರೆ.

ಮೊದಲ ಎರಡು ಮಾತುಗಳು ಅಜ್ಞಾನದಿಂದ ಬಂದವು. ಮೂರನೆಯದನ್ನು ವಿಚಾರಿಸಿ ನೋಡಬೇಕು.

ಶಸ್ತ್ರಚಿಕಿತ್ಸೆಯ ಗಾಯ ಕಟ್ಟುವ ಅಭ್ಯಾಸ ಇಲ್ಲಿ ಕಡಿಮೆಯಾಗುವುದು ನಿಜ. ಆದರೆ ವರ್ಷಗಟ್ಟಲೆ ಕುಡಿದವನು ಕುಡಿತ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ನಡುಕ, ಜ್ವರ, ಸೆಳವು, ಭ್ರಮೆಗಳಿಗೆ ಒಳಗಾಗಬಹುದು. ರಾತ್ರಿಯಿಡೀ ಅವನ ನಾಡಿ, ರಕ್ತದೊತ್ತಡ ನೋಡುವವಳು ದಾದಿ. ಅವಳ ಎಚ್ಚರ ತಪ್ಪಿದರೆ ಪ್ರಾಣವೇ ಹೋದೀತು. ಲಿಥಿಯಂ ಮದ್ದು ರಕ್ತದಲ್ಲಿ ಮಿತಿಮೀರಿದರೆ ವಿಷ. ಕ್ಲೋಜಪಿನ್ ತೆಗೆದುಕೊಳ್ಳುವವನ ಬಿಳಿ ರಕ್ತಕಣಗಳನ್ನು ಆಗಾಗ ಎಣಿಸಲೇಬೇಕು. ಮನೋರೋಗಿಗೂ ಸಕ್ಕರೆ ಕಾಯಿಲೆ ಇರುತ್ತದೆ, ಹೃದಯದ ಕಾಯಿಲೆ ಇರುತ್ತದೆ. ಇವೆಲ್ಲದರ ಮೇಲೆ, ರೇಗಿದವನನ್ನು ಮಾತಿನಿಂದ ತಣಿಸುವ, ಮೌನವಾಗಿ ಕುಳಿತವನ ಮನದಲ್ಲಿ ಸಾಯುವ ಯೋಚನೆ ಇದೆಯೇ ಎಂದು ಅರಿಯುವ ವಿದ್ಯೆಯನ್ನು ಅವಳು ಕಲಿಯಬೇಕು. ಅದು ಆ ವಾರ್ಡಿನಲ್ಲಿ ದುಡಿದವರ ಜತೆಯಲ್ಲಿದ್ದೇ ಬರತಕ್ಕದ್ದು.

ಆದುದರಿಂದ ಹೊಸಬಳು ಯೋಗ್ಯಳೇ ಎಂದು ಕೇಳುವ ಮೊದಲು, ಅವಳ ಜತೆಯಲ್ಲಿ ಯಾರಿದ್ದಾರೆ ಎಂದು ಕೇಳಬೇಕು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸಾಮಾನ್ಯ ನರ್ಸಿಂಗ್ ಪದವಿ ಪಡೆದು ನೋಂದಾಯಿಸಿಕೊಂಡವರನ್ನೂ ಮಾನಸಿಕ ಆರೋಗ್ಯ ದಾದಿಯರೆಂದು ಒಪ್ಪುತ್ತದೆ. ಅದೇ ಕಾಯಿದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ; ಸಿಬ್ಬಂದಿ ಸಾಲದೆಂಬ ನೆಪದಿಂದ ರೋಗಿಯನ್ನು ಕಟ್ಟಿಹಾಕಕೂಡದೆಂದೂ ವಿಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ರೋಗಿಗಳು ಬೆಂಕಿಯಿಂದ ತಪ್ಪಿಸಿಕೊಳ್ಳಲಾರದೆ ಹೋದರು. 28 ಮಂದಿ ಸತ್ತರು. ಕಟ್ಟಿಹಾಕದೆ ನೋಡಿಕೊಳ್ಳಬೇಕಾದರೆ ಜನ ಬೇಕು. ಜನ ಬೇಕಾದರೆ ಸಂಬಳ ಕೊಡಬೇಕು.

ಇಲ್ಲಿಯೇ ಗಂಟು ಇರುವುದು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ ಕೇಂದ್ರದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಸರಕಾರಿ ದಾದಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸಿನಿಂದ ಹೊಟ್ಟೆ ತುಂಬುವುದಿಲ್ಲ. ಓದಿನ ಸಾಲವೂ ತೀರುವುದಿಲ್ಲ. ಕೊಲ್ಲಿಯ ವಿಮಾನ ಹತ್ತುವ ಹುಡುಗಿಯನ್ನು ದೂರುವ ಹಕ್ಕು ಯಾರಿಗಿದೆ?

ನಮ್ಮ ಬೇಡಿಕೆಗಳು ಸರಳವಾಗಿವೆ. ಮನೋರೋಗ ವಾರ್ಡಿಗೆ ಸೇರಿದ ಹೊಸ ದಾದಿಯನ್ನು ಮೊದಲ ಆರು ತಿಂಗಳು ರಾತ್ರಿ ಪಾಳಿಯಲ್ಲಿ ಒಂಟಿಯಾಗಿ ನಿಲ್ಲಿಸಕೂಡದು; ಅನುಭವಸ್ಥರೊಬ್ಬರು ಜತೆಗಿರಲೇಬೇಕು. ಆ ಸಮಿತಿ ಹೇಳಿದ ಸಂಬಳವನ್ನು ಸರಕಾರ ಕಡ್ಡಾಯ ಮಾಡಬೇಕು. ಕಾರ್ಕಳದ ತಾಲೂಕು ಆಸ್ಪತ್ರೆಯಲ್ಲೂ ಕಾಪುವಿನ ಆರೋಗ್ಯ ಕೇಂದ್ರದಲ್ಲೂ ಈ ಕೆಲಸದಲ್ಲಿ ತರಬೇತಾದ ಖಾಯಂ ದಾದಿಯರಿರಬೇಕು; ಮದ್ದಿಗಾಗಿ ಉಡುಪಿಗೋ ಮಣಿಪಾಲಕ್ಕೋ ಹೋಗಿ ಕೆಲಸಗಾರನು ದಿನಗೂಲಿ ಕಳೆದುಕೊಳ್ಳುವಂತಾಗಬಾರದು. ಇದು ಆಗದ ಮಾತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೇ ತರಬೇತಿ ಕೊಟ್ಟು ಮನೋರೋಗಿಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಓದುಗರಲ್ಲಿಯೂ ಒಂದು ಮಾತು. ಗಿರಣಿಯ ಪಾಳಿಯಲ್ಲಿ ಹೊಸಬನನ್ನು ಯಂತ್ರದ ಮುಂದೆ ಒಂಟಿಯಾಗಿ ನಿಲ್ಲಿಸಿದರೆ ನೀವು ಸುಮ್ಮನಿರುವುದಿಲ್ಲ. ನಿಮ್ಮ ಮಗಳ ಪಾಳಿಯ ವಿಷಯದಲ್ಲಿಯೂ ಸುಮ್ಮನಿರಬೇಡಿ. ಅವಳು ಆ ವಾರ್ಡನ್ನು ಆರಿಸಿಕೊಂಡರೆ ತಡೆಯಬೇಡಿ. ಅವಳ ಜತೆ ರಾತ್ರಿ ಯಾರಿರುತ್ತಾರೆಂದು ಆಸ್ಪತ್ರೆಯವರನ್ನು ಕೇಳಿರಿ. ನಾಳೆ ಆ ಹಾಸಿಗೆಯಲ್ಲಿ ಮಲಗುವವನು ನಮ್ಮ ತಮ್ಮನೇ ಆಗಿದ್ದಾನು.