ಕಡಲಿಗೆ ಬಿದ್ದ ಎಣ್ಣೆ, ಬೆಸ್ತರಿಗೆ ಅಂಟಿದ ಕಳಂಕ

2025ರ ಮೇ 25ರಂದು ಬೆಳಿಗ್ಗೆ ಲೈಬೀರಿಯಾ ಧ್ವಜದ ಎಂ.ಎಸ್.ಸಿ. ಎಲ್ಸಾ 3 ಎಂಬ ಸರಕು ಹಡಗು ಕೇರಳದ ಕಡಲಿನಲ್ಲಿ ಮುಳುಗಿತು. ವಿಳಿಂಜಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ ಈ ಹಡಗಿನಲ್ಲಿ 640 ಕಂಟೈನರುಗಳಿದ್ದವು. ಅವುಗಳ ಪೈಕಿ 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ನೀರು ತಾಗಿದರೆ ಉರಿಯುವ ಅನಿಲವನ್ನು ಹೊರಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಟ್ಯಾಂಕುಗಳಲ್ಲಿ 84.44 ಟನ್ ಡೀಸೆಲ್ ಹಾಗೂ 367.1 ಟನ್ ಫರ್ನೇಸ್ ಎಣ್ಣೆ ತುಂಬಿತ್ತು. ಹಡಗಿನಲ್ಲಿದ್ದ 24 ಮಂದಿಯೂ ಬದುಕಿ ಬಂದರೆಂಬುದು ಸಮಾಧಾನದ ವಿಷಯ. ಆದರೆ ಅಂದಿನಿಂದ ಮುಳುಗತೊಡಗಿದ ಇನ್ನೊಂದು ಸಮುದಾಯವಿದೆ. ಅದನ್ನು ಎತ್ತಲು ಯಾವ ಪಡೆಯೂ ಧಾವಿಸಲಿಲ್ಲ. ಆ ಸಮುದಾಯ ನಮ್ಮ ಕಡಲ ತೀರದ ಬೆಸ್ತರದು.

ದುರಂತ ನಡೆದದ್ದು ಆಲಪ್ಪುಳದ ಎದುರಿನ ಕಡಲಿನಲ್ಲಿ. ನಮ್ಮ ಜಿಲ್ಲೆಗೂ ಆ ಜಾಗಕ್ಕೂ ಸುಮಾರು 350 ಕಿಲೋಮೀಟರು ದೂರ. ಹಾಗಿದ್ದೂ ಆ ವಾರ ನಮ್ಮ ಊರುಗಳಲ್ಲಿ ಮೀನಿನ ಬುಟ್ಟಿ ಹೊತ್ತು "ಮೀನ್ ಬೋಡಾ ಅಕ್ಕಾ" ಎಂದು ಬಾಗಿಲಿಗೆ ಬಂದ ಹೆಂಗಸರಿಗೆ ಎಷ್ಟೋ ಮನೆಗಳಲ್ಲಿ ಸಿಕ್ಕಿದ ಉತ್ತರ ಒಂದೇ: "ಬೇಡ, ಈಗ ಮೀನಿನಲ್ಲಿ ವಿಷ ಉಂಟಂತೆ." ಯಾರು ಹೇಳಿದರು, ಯಾವ ಮೀನಿನಲ್ಲಿ, ಎಲ್ಲಿಯ ಮೀನಿನಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಮೊಬೈಲಿನಲ್ಲಿ ಬಂದಿತ್ತು, ಅಷ್ಟೆ. ಮನೆಯಲ್ಲಿ ಮಕ್ಕಳಿರುವ ತಾಯಿಯೊಬ್ಬಳು ಎರಡು ದಿನ ಹಿಂಜರಿದರೆ ಅದನ್ನು ನಾವು ತಪ್ಪೆನ್ನಲಾರೆವು. ತಿಳಿವಳಿಕೆ ಇಲ್ಲದಿರುವಾಗ ಎಚ್ಚರಿಕೆ ಸಹಜವೇ. ಆದರೆ ಎರಡು ದಿನದ ಎಚ್ಚರಿಕೆ ಎರಡು ತಿಂಗಳ ಬಹಿಷ್ಕಾರವಾಗಿ, ಮೀನಿನ ಮೇಲಣ ಸಂಶಯ ಮೀನು ಹಿಡಿದವನ ಮೇಲಣ ಸಂಶಯವಾಗಿ ಮಾರ್ಪಟ್ಟರೆ ಆಗ ಅದು ಅನ್ಯಾಯವಾಗುತ್ತದೆ.

ಸಂಗತಿ ಏನೆಂಬುದನ್ನು ಮೊದಲು ನೋಡೋಣ. ಕಡಲಿಗೆ ಬಿದ್ದ ಎಣ್ಣೆಯ ಹಗುರವಾದ ಅಂಶ ಒಂದೆರಡು ದಿನಗಳಲ್ಲಿ ಗಾಳಿಗೆ ಆರಿಹೋಗುತ್ತದೆ. ಫರ್ನೇಸ್ ಎಣ್ಣೆಯಂಥ ದಪ್ಪ ಎಣ್ಣೆ ನೀರಿನೊಡನೆ ಕಲಸಿಕೊಂಡು, ಕೊನೆಗೆ ಡಾಮರು ಉಂಡೆಗಳಾಗಿ ದಡಕ್ಕೆ ಬರುತ್ತದೆ. ತೆರೆದ ಕಡಲಿನಲ್ಲಿ ಈಜಾಡುವ ಬೂತಾಯಿ, ಬಂಗುಡೆಗಳು ಎಣ್ಣೆ ಇದ್ದೆಡೆಯಿಂದ ದೂರ ಸರಿಯಬಲ್ಲವು. ದೇಹಕ್ಕೆ ಸೇರಿದ ಎಣ್ಣೆಯ ಅಂಶವನ್ನು ಸಾಕಷ್ಟು ಬೇಗನೆ ಕರಗಿಸಿ ಹೊರಹಾಕಲೂ ಬಲ್ಲವು. ಒಂದೇ ಕಡೆ ಕೂತಿರುವ ಮರುವಾಯಿ, ಕಲ್ಲುಮ್ಮಕ್ಕಾಯಿಗಳಿಗೆ ಆ ಶಕ್ತಿ ಕಡಿಮೆ. ಆದುದರಿಂದ ಎಣ್ಣೆ ಮುಟ್ಟಿದ ಜಾಗದ ಚಿಪ್ಪುಮೀನನ್ನು ಪರೀಕ್ಷೆಯಾಗದೆ ತಿನ್ನಬಾರದು. ಎಣ್ಣೆ ವಾಸನೆಯ ಯಾವ ಮೀನನ್ನೂ ಕೊಳ್ಳಬಾರದು. ಹಡಗು ಮುಳುಗಿದ ಜಾಗದಿಂದ 20 ನಾಟಿಕಲ್ ಮೈಲಿನೊಳಗೆ ಮೀನು ಹಿಡಿಯಬಾರದೆಂದು ಸರಕಾರ ತಡೆದದ್ದು ಈ ಕಾರಣದಿಂದಲೇ, ಮತ್ತು ಅದು ಸರಿಯಾದ ಕ್ರಮ. ಆದರೆ ಆ ವೃತ್ತದ ಹೊರಗೆ, ನೂರಾರು ಮೈಲು ದೂರದಲ್ಲಿ, ಮಂಜೇಶ್ವರ ಅಥವಾ ಕುಂಬಳೆಯ ಕೊಯಿಪಾಡಿ ಕಡಪ್ಪುರದಲ್ಲಿ ಬಲೆಗೆ ಬಿದ್ದ ಬೂತಾಯಿ ಮಾಡಿದ ಅಪರಾಧವೇನು?

ಈ ಸಂಶಯ ಬಂದ ಕಾಲವನ್ನೂ ಗಮನಿಸಬೇಕು. 2025ರಲ್ಲಿ ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ, 52 ದಿನ ಇತ್ತು. ಯಂತ್ರದ ದೊಡ್ಡ ದೋಣಿಗಳು ದಡ ಸೇರುವ ಈ ದಿನಗಳಲ್ಲಿ ಕಡಲಿಗಿಳಿಯುವವರು ನಾಡದೋಣಿಯ ಬಡವರು. ವರ್ಷದಲ್ಲಿ ನಾಲ್ಕು ಕಾಸು ಕಾಣುವುದಿದ್ದರೆ ಅವರಿಗೆ ಆಗಲೇ. ನಾಡದೋಣಿಗಳು ಕಾಯುತ್ತಿದ್ದ ಆ ಹೊತ್ತಿಗೇ ಎಲ್ಸಾ ಮುಳುಗಿತು. ಅದು ಸಾಲದೆಂಬಂತೆ ಜೂನ್ 9ರಂದು ಕಣ್ಣೂರಿನ ಅಳೀಕ್ಕಲ್ ಎದುರಿನ ಕಡಲಿನಲ್ಲಿ ಸಿಂಗಾಪುರ ಧ್ವಜದ ವಾನ್ ಹೈ 503 ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ 22 ಮಂದಿಯ ಪೈಕಿ 18 ಮಂದಿಯನ್ನು ಪಾರುಮಾಡಿ ಪಣಂಬೂರು ಬಂದರಿಗೆ ತರಲಾಯಿತು, ನಾಲ್ವರು ಕಾಣೆಯಾದರು. ಎರಡು ವಾರಗಳ ಅಂತರದಲ್ಲಿ ಎರಡು ಹಡಗು! ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಗಡಿಯಾಚೆ ಉಳ್ಳಾಲದ ಬಟ್ಟಪ್ಪಾಡಿಯ ಬಳಿ 2022ರ ಜೂನ್ ತಿಂಗಳಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕಿನ ಸುರುಳಿಗಳೊಡನೆ ಮುಳುಗಿದಾಗಲೂ, ಅದರೊಳಗಿನ ಎಣ್ಣೆ ಯಾವಾಗ ಹೊರಬೀಳುವುದೋ ಎಂದು ತಲಪಾಡಿಯ ಈಚೆಯವರೂ ಆಚೆಯವರೂ ಸಮಾನವಾಗಿ ಕಂಗಾಲಾಗಿದ್ದರು. ಕಡಲಿಗೆ ಗಡಿಕಲ್ಲಿಲ್ಲ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಭಯಕ್ಕಿಂತಲೂ ನಮಗೆ ಹೆಚ್ಚು ಖೇದವನ್ನುಂಟುಮಾಡಿದ್ದು ಆ ಬಳಿಕ ಕೇಳಿಬಂದ ಮಾತುಗಳು. ತಿರುವನಂತಪುರ, ಕೊಲ್ಲಂ, ಆಲಪ್ಪುಳ, ಎರ್ನಾಕುಳಂ ಜಿಲ್ಲೆಗಳ ಬೆಸ್ತರ ಕುಟುಂಬಗಳಿಗೆ ಸರಕಾರ ತಲಾ 1000 ರೂಪಾಯಿ ಹಾಗೂ 6 ಕಿಲೋ ಅಕ್ಕಿ ಪ್ರಕಟಿಸಿತು. ಕೂಡಲೇ ಪೇಟೆಯ ಚಹಾದಂಗಡಿಗಳಲ್ಲಿ ಮಾತು ಶುರುವಾಯಿತು: "ಕಡಪ್ಪುರದವರಿಗೇನು, ಮಳೆ ಬಂದರೂ ಪರಿಹಾರ, ಹಡಗು ಬಂದರೂ ಪರಿಹಾರ." ಸಾವಿರ ರೂಪಾಯಿಯಲ್ಲಿ ಒಂದು ಸಂಸಾರ ಎಷ್ಟು ದಿನ ಗಂಜಿ ಕಾಣಬಹುದೆಂದು ಹೀಗೆ ಹೇಳಿದವರು ಲೆಕ್ಕ ಹಾಕಿದ್ದಾರೆಯೇ? ಅದೂ ನಮ್ಮ ಜಿಲ್ಲೆಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಎಣ್ಣೆ ಇಲ್ಲಿಗೆ ಬಂದಿರಲಿಲ್ಲ, ನಿಜ. ಆದರೆ ವದಂತಿ ಬಂದಿತ್ತು. ಮಾರಾಟವಾಗದ ಬುಟ್ಟಿಯ ನಷ್ಟಕ್ಕೆ ಎಣ್ಣೆ ಕಾರಣವೋ ವದಂತಿ ಕಾರಣವೋ ಎಂದು ಹಸಿದ ಹೊಟ್ಟೆ ವಿಂಗಡಿಸುವುದಿಲ್ಲ.

ಈ ಬೆಸ್ತರು ಯಾರೆಂಬುದನ್ನು ಕೇರಳ ಇಷ್ಟು ಬೇಗ ಮರೆಯಬಾರದಿತ್ತು. 2018ರ ಮಹಾಪ್ರವಾಹದಲ್ಲಿ, ಯಾರೂ ಕರೆಯುವ ಮೊದಲೇ ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದು ಸಾವಿರಾರು ಜನರನ್ನು ಮನೆಯ ಮಾಡಿನಿಂದ ಇಳಿಸಿ ಬದುಕಿಸಿದವರು ಇದೇ ತಿರುವನಂತಪುರ, ಕೊಲ್ಲಂ, ಆಲಪ್ಪುಳದ ಬೆಸ್ತರು. ಕೇರಳದ ಸ್ವಂತ ಸೈನ್ಯವೆಂದು ಅಂದು ಅವರನ್ನು ಹೊಗಳಲಾಯಿತು. ಸರಕಾರ ಕೊಡಹೊರಟ ಕೂಲಿಯನ್ನು ಅವರಲ್ಲಿ ಅನೇಕರು ಬೇಡವೆಂದರು. ಏಳು ವರ್ಷಗಳ ಬಳಿಕ ಅದೇ ಜನರನ್ನು ಪರಿಹಾರದ ಆಸೆಬುರುಕರೆಂದು ಕರೆಯುವುದು ಕೃತಘ್ನತೆ.

ನಮ್ಮ ಓದುಗರಲ್ಲಿ ಮೀನು ತಿನ್ನದ ಮನೆಗಳು ಬಹಳ. ಇದು ತಮಗೆ ಸಂಬಂಧಿಸಿದ ವಿಚಾರವಲ್ಲವೆಂದು ಅವರು ಪುಟ ತಿರುವಬಹುದು. ಅಂಥವರಲ್ಲಿ ನಮ್ಮದೊಂದು ವಿನಂತಿ. ಅಡಿಕೆಯ ಬಗ್ಗೆ ಎಲ್ಲಿಯೋ ಒಂದು ಸುದ್ದಿ ಬಂದೊಡನೆ ಧಾರಣೆ ಅಲುಗಾಡುವುದನ್ನು, ಅಂಗಳದಲ್ಲಿ ಒಣಗಿದ ಬೆಳೆಯ ಮುಂದೆ ಕೃಷಿಕ ತಲೆಗೆ ಕೈಹೊತ್ತು ಕೂರುವುದನ್ನು ಅವರು ಕಂಡಿದ್ದಾರಲ್ಲವೇ? ಬೂತಾಯಿಯನ್ನು ಚೀಲ ಕಟ್ಟಿ ಅಟ್ಟದಲ್ಲಿಡಲು ಬರುವುದಿಲ್ಲ. ಧಾರಣೆ ಏರುವ ವರೆಗೆ ಕಾಯಲು ಅಡಿಕೆಗಾರನಿಗೆ ಆರು ತಿಂಗಳಿದ್ದರೆ ಬೆಸ್ತನಿಗೆ ಆರು ಗಂಟೆಯೂ ಇಲ್ಲ.

ಇನ್ನೂ ಹತ್ತಿರದ ಒಂದು ನೆನಪು ನಮಗಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಕನ್ನಡದ ಊರುಗಳಲ್ಲಿ ಮಕ್ಕಳು ನರಳಿದರು. ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತರಾದ ಶ್ರೀಪಡ್ರೆಯವರು ಇದನ್ನು ಹೊರಜಗತ್ತಿಗೆ ತಿಳಿಸದಿರುತ್ತಿದ್ದರೆ ಇನ್ನೆಷ್ಟು ಕಾಲ ಅದು ನಡೆಯುತ್ತಿತ್ತೋ. ವಿಷ ಸುರಿಸಿದವರು ಬೇರೆ, ಕಳಂಕ ಹೊತ್ತವರು ಬೇರೆ. ಆ ಊರುಗಳಿಂದ ಹೆಣ್ಣು ತರಲು, ಆ ಊರುಗಳಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ಪರಿಹಾರ ಕೇಳಿದವರನ್ನು ಸಂಶಯದಿಂದ ನೋಡಿದವರೂ ಇದ್ದರು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಈ ವಿಷವನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. 2022ರಲ್ಲೂ ಅದೇ ನ್ಯಾಯಾಲಯ ವಿಳಂಬಕ್ಕಾಗಿ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ತಾನು ಮಾಡದ ತಪ್ಪಿಗೆ ಊರಿಗೆ ಊರೇ ತಲೆತಗ್ಗಿಸುವ ಸಂಕಟವೇನೆಂದು ಈ ಜಿಲ್ಲೆಯವರಿಗಿಂತ ಚೆನ್ನಾಗಿ ಬಲ್ಲವರಾರು? ಬೆಟ್ಟದ ಮಗ್ಗುಲಿನ ನಾವು ಉಂಡ ಆ ನೋವನ್ನು ಕಡಲ ಮಗ್ಗುಲಿನವರಿಗೆ ಬಡಿಸುವುದು ಸರಿಯೇ?

ದೂರದಲ್ಲಿರುವವರ ಕಷ್ಟಕ್ಕೆ ಒಂದು ಹೆಸರು ಅಂಟಿಸಿ ಕೈತೊಳೆದುಕೊಳ್ಳುವುದು ಮನುಷ್ಯಸ್ವಭಾವವಿರಬೇಕು. ರತ್ನಗಿರಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಮಹಾರಾಷ್ಟ್ರದ ಕಡಲ ತೀರದ ಊರು ನೆನಪಾಗುತ್ತದೆ. ಆಂಧ್ರದ ಮಡಕಶಿರ ಭಾಗದಲ್ಲಿ, ಕಡಲನ್ನೇ ಕಾಣದ ಇನ್ನೊಂದು ರತ್ನಗಿರಿಯಿದೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ, ಮಡಕಶಿರಗಳ ಕನ್ನಡಿಗರು ಅಲ್ಲಿಯೇ ಉಳಿದರು. 1956ರಲ್ಲಿ ನಾವು ಕೇರಳದ ಪಾಲಾದೆವು. ಆ ಸೀಮೆಗೆ ಬರಗಾಲದ ಸೀಮೆಯೆಂದೇ ಹೆಸರು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದಾಗ ಅಲ್ಲಿನ ರೈತ ಬೆಳೆನಷ್ಟಕ್ಕೆ ಪರಿಹಾರ ಕೇಳಿದರೆ, "ಅವರದು ಯಾವಾಗಲೂ ಇದ್ದದ್ದೇ" ಎನ್ನುವುದು ಇಲ್ಲಿ ಕೂತ ನಮಗೆ ಸುಲಭ. ಅಲ್ಲಿಯವರು ಮೊಬೈಲಿನಲ್ಲಿ ಹಡಗಿನ ಚಿತ್ರ ನೋಡಿ, "ಕೇರಳದ ಕಡಲೆಲ್ಲ ವಿಷವಂತೆ" ಎನ್ನುವುದೂ ಅಷ್ಟೇ ಸುಲಭ. ಅವರು ದೂರದವರು, ಅವರನ್ನು ಕ್ಷಮಿಸಬಹುದು. ಕಡಲಿನಿಂದ ಎರಡು ಮೈಲು ಈಚೆಗೆ ಕೂತು ಹಾಗೆ ಹೇಳುವ ನಮಗೆ ಯಾವ ಕ್ಷಮೆ?

ಹೊಣೆಗಾರರ ಕಡೆಗೆ ಬೆರಳು ತೋರಿಸುವ ಕೆಲಸ ಸರಕಾರ ಮಾಡಿದೆ ಎಂಬುದನ್ನು ಒಪ್ಪಬೇಕು. ಎಲ್ಸಾದ ನಷ್ಟಕ್ಕಾಗಿ ಅದು ಕೇರಳ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಗೆ ದಾವೆ ಹೂಡಿತು. ಆ ಮೊತ್ತದಲ್ಲಿ ಬೆಸ್ತರ ಆರ್ಥಿಕ ನಷ್ಟವೆಂದು ತೋರಿಸಿದ್ದು 526.51 ಕೋಟಿ, ಅಂದರೆ ಹದಿನೆಂಟರಲ್ಲಿ ಒಂದು ಪಾಲು. ತಡೆದಿಟ್ಟ ಇನ್ನೊಂದು ಹಡಗನ್ನು ಬಿಡಿಸಿಕೊಳ್ಳಲು ಕೊಡಬೇಕಾದ ಭದ್ರತೆಯ ಮೊತ್ತವನ್ನು ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ 1,227.62 ಕೋಟಿಗೆ ನಿಗದಿಪಡಿಸಿತು. ಇಂಥ ವ್ಯಾಜ್ಯಗಳು ಎಷ್ಟು ಎಳೆಯುತ್ತವೆಂಬುದಕ್ಕೆ ಅಮೆರಿಕದ ಅಲಾಸ್ಕಾವೇ ಸಾಕ್ಷಿ. ಅಲ್ಲಿ 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಚೆಲ್ಲಿತು. ಜ್ಯೂರಿ 1994ರಲ್ಲಿ ವಿಧಿಸಿದ 500 ಕೋಟಿ ಡಾಲರಿನ ದಂಡನಾ ಪರಿಹಾರ 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸುಮಾರು 50 ಕೋಟಿ ಡಾಲರಿಗೆ ಇಳಿಯಿತು. ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಕಳೆದಿತ್ತು. ದೂರ ಬೇಡ, ಚೆನ್ನೈಯ ಎಣ್ಣೂರಿನಲ್ಲಿ 2023ರ ಡಿಸೆಂಬರಿನಲ್ಲಿ ನೆರೆನೀರಿನೊಡನೆ ಎಣ್ಣೆ ಹಳ್ಳಕ್ಕೆ ನುಗ್ಗಿದಾಗ ಅದನ್ನು ಬಕೆಟ್ಟು, ಚೊಂಬುಗಳಲ್ಲಿ ಬಳಿದವರು ಅಲ್ಲಿಯ ಬೆಸ್ತರೇ. ಚೆಲ್ಲಿದವರು ಒಬ್ಬರು, ಬಳಿಯುವವರು ಇನ್ನೊಬ್ಬರು.

ಆದುದರಿಂದ ನಾವು ಅಧಿಕಾರಿಗಳ ಗಮನಕ್ಕೆ ಮೂರು ವಿಚಾರಗಳನ್ನು ತರಬಯಸುತ್ತೇವೆ. ಒಂದನೆಯದಾಗಿ, ಇಂಥ ಅವಘಡ ನಡೆದ ಕೆಲವೇ ದಿನಗಳಲ್ಲಿ ಆಯಾ ಜಿಲ್ಲೆಯ ಮೀನನ್ನು ಪರೀಕ್ಷಿಸಿ, ಫಲಿತಾಂಶವನ್ನು ಮೀನು ಇಳಿಸುವ ಕಡಪ್ಪುರಗಳಲ್ಲೂ ಮಾರುಕಟ್ಟೆಗಳಲ್ಲೂ ಪಂಚಾಯತು ಕಚೇರಿಗಳಲ್ಲೂ ತೂಗಹಾಕಬೇಕು. "ಹೆದರಬೇಡಿ" ಎಂಬ ಮಂತ್ರಿಗಳ ಹೇಳಿಕೆಗಿಂತ ಒಂದು ಪರೀಕ್ಷಾ ವರದಿಗೆ ಬೆಲೆ ಹೆಚ್ಚು. ಮೀನು ತಿನ್ನಬಾರದೆಂದು ವರದಿ ಬಂದರೆ ಅದನ್ನೂ ಮುಚ್ಚಿಡಬಾರದು. ಹಾಗೆ ಮಾಡಿದರೆ ಮಾತ್ರ ಮುಂದಿನ "ತಿನ್ನಬಹುದು" ಎಂಬ ಮಾತನ್ನು ಜನ ನಂಬುವರು. ಎರಡನೆಯದಾಗಿ, ಈ ಪ್ರಕಟಣೆಗಳು ನಮ್ಮ ಜಿಲ್ಲೆಯಲ್ಲಿ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕು. ದಡಕ್ಕೆ ಬಂದ ಕಂಟೈನರನ್ನು ಮುಟ್ಟಬೇಡಿ, 200 ಮೀಟರು ದೂರ ನಿಲ್ಲಿ, 112ಕ್ಕೆ ತಿಳಿಸಿ ಎಂಬ ಎಚ್ಚರಿಕೆ ಆಗ ಹೊರಟಿತ್ತು. ಜೀವಕ್ಕೆ ಸಂಬಂಧಿಸಿದ ಇಂಥ ಮಾತು ಓದಲು ಬಾರದ ಲಿಪಿಯಲ್ಲಿದ್ದರೆ ಪ್ರಯೋಜನವೇನು? ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ನೌಕರಿ ಮಾತ್ರವಲ್ಲ. ಮೂರನೆಯದಾಗಿ, ನಷ್ಟದ ಲೆಕ್ಕ ಹಾಕುವಾಗ ಎಣ್ಣೆ ಹರಿದ ದೂರವನ್ನಷ್ಟೇ ಅಳೆಯದೆ ಭಯ ಹರಡಿದ ದೂರವನ್ನೂ ಅಳೆಯಬೇಕು. ದೋಣಿಯ ಪಾಲುದಾರರನ್ನು ಎಣಿಸಿ ಬುಟ್ಟಿ ಹೊರುವ ಹೆಂಗಸರನ್ನು ಬಿಟ್ಟುಬಿಡುವ ಪರಿಪಾಠ ನಿಲ್ಲಬೇಕು.

ಪತ್ರಿಕೆಗಳವರಾದ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. "ವಿಷ" ಎಂಬ ಎರಡಕ್ಷರ ತಲೆಬರಹಕ್ಕೆ ಚೆನ್ನಾಗಿ ಹೊಂದುತ್ತದೆ. ಪರೀಕ್ಷೆಯ ಫಲಿತಾಂಶ ಒಳಪುಟದ ಮೂಲೆಗೆ ಹೋಗುತ್ತದೆ. ಇನ್ನು ಮುಂದೆ ಇವೆರಡಕ್ಕೂ ಒಂದೇ ಅಳತೆಯ ಅಕ್ಷರ ಕೊಡಲು ನಾವು ಕಲಿಯಬೇಕಾಗಿದೆ.

ಓದುಗರಿಂದ ನಾವು ಅಪೇಕ್ಷಿಸುವುದು ದೊಡ್ಡ ತ್ಯಾಗವನ್ನಲ್ಲ. ಮೊಬೈಲಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು, ಬಾಗಿಲಿಗೆ ಬಂದ ಮೀನಿನ ಹೆಂಗಸನ್ನೇ ಒಂದು ಮಾತು ಕೇಳಿ: ಇದು ಎಲ್ಲಿಯ ಮೀನು, ಇಂದಿನದೋ ನಿನ್ನೆಯದೋ? ಆಕೆಗೆ ಗೊತ್ತಿರುವಷ್ಟು ಕಡಲಿನ ಸುದ್ದಿ ಯಾವ ಮೊಬೈಲಿಗೂ ಗೊತ್ತಿಲ್ಲ. ಬೇಡವಾದರೆ ಬೇಡವೆನ್ನಿ, ಅದು ನಿಮ್ಮ ಇಷ್ಟ. ಆದರೆ ಆಕೆಯೇ ವಿಷ ತಂದವಳೆಂಬಂತೆ ಬಾಗಿಲು ಹಾಕಬೇಡಿ. ಮುಂದಿನ ಮಳೆಗಾಲಕ್ಕೂ ಹಡಗುಗಳು ನಮ್ಮ ಕಡಲಿನಲ್ಲಿ ಓಡಾಡುತ್ತಲೇ ಇರುತ್ತವೆ. ಆಗಲೂ ಬುಟ್ಟಿ ಹೊತ್ತು ಅದೇ ಹೆಂಗಸು ಅಂಗಳಕ್ಕೆ ಬರಬೇಕು. ಆಕೆಗೆ ನಾವು ಕೊಡುವ ಉತ್ತರ ಏನಿರಬೇಕೆಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.