ಸೆರೆಯ ಕಪಿಯೂ ಅದರ ಸ್ವಭಾವವೂ

ಮೃಗಾಲಯದ ಜಾಲರಿಯ ಮುಂದೆ ನಿಂತು, ಒಳಗಿನ ಕಚ್ಚಾಟವನ್ನೋ ಜಡತೆಯನ್ನೋ ಕಂಡು, ಕಪಿಯ ಸ್ವಭಾವವೇ ಇಷ್ಟೆಂದು ತೀರ್ಮಾನಿಸಿಬಿಡುವ ನಾವು, ಘನ ವಿದ್ವಾಂಸರೂ ಒಮ್ಮೆ ಹೀಗೆಯೇ ದಾರಿ ತಪ್ಪಿದ್ದರೆಂಬುದನ್ನು ತಿಳಿದಿರುವುದು ಒಳ್ಳೆಯದು.

1925ರಲ್ಲಿ ಲಂಡನ್ನಿನ ಮೃಗಾಲಯದವರು ‘ಮಂಕಿ ಹಿಲ್’ ಎಂಬ ಕೃತಕ ಗುಡ್ಡವೊಂದನ್ನು ಕಟ್ಟಿಸಿ, ಸುಮಾರು ನೂರು ಹಮಾಡ್ರಿಯಸ್ ಬಬೂನ್ ಎಂಬ ಜಾತಿಯ ಕಪಿಗಳನ್ನು ತಂದು ಅಲ್ಲಿ ಬಿಟ್ಟರು. ಬಹುತೇಕ ಎಲ್ಲವೂ ಗಂಡು. ಎರಡು ವರ್ಷಗಳ ತರುವಾಯ ಮೂವತ್ತು ಹೆಣ್ಣುಗಳನ್ನು ನಡುವೆ ಸೇರಿಸಲಾಗಿ, ಹಿಂದಿನ ಬಾಂಧವ್ಯಗಳೆಲ್ಲ ಕಡಿದುಹೋಗಿದ್ದ ಆ ಅಪರಿಚಿತರ ಗುಂಪಿನಲ್ಲಿ ಘೋರವಾದ ಕಾದಾಟವೆದ್ದು, ಕೆಲವೇ ವರ್ಷಗಳಲ್ಲಿ ಹೆಣ್ಣುಗಳಲ್ಲಿ ಹೆಚ್ಚಿನವು ಸತ್ತವು. ಆ ಗುಂಪನ್ನು ಅಭ್ಯಸಿಸಿದ ವಿಜ್ಞಾನಿ ಸಾಲಿ ಜುಕರ್‌ಮನ್ 1932ರ ತಮ್ಮ ಗ್ರಂಥದಲ್ಲಿ, ವಾನರಸಮಾಜಕ್ಕೆ ಕಾಮವೇ ಮೂಲಬಂಧನವೆಂದು ಪ್ರತಿಪಾದಿಸಿದರು. ಆ ಮಾತು ಬಹುಕಾಲ ಪ್ರಮಾಣವಾಗಿ ನಡೆಯಿತು.

1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹ್ಯಾನ್ಸ್ ಕುಮ್ಮರ್ ಅದೇ ಜಾತಿಯ ಪ್ರಾಣಿಗಳನ್ನು ಇಥಿಯೋಪಿಯದ ಬಯಲುಗಳಲ್ಲಿ ಹಿಂಬಾಲಿಸಿದಾಗ ಕಂಡದ್ದೇ ಬೇರೆ. ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು—ಇಂಥ ಹಲವು ಸಂಸಾರಗಳು ಹಗಲೆಲ್ಲ ಆಹಾರವನ್ನರಸಿ ಅಲೆದು, ಇರುಳಿಗೆ ಕಡಿದಾದ ಬಂಡೆಗಳ ಮೇಲೆ ಒಟ್ಟಾಗಿ ಮಲಗುತ್ತಿದ್ದವು. ಈ ಬಬೂನು ಸಾಧುಪ್ರಾಣಿಯೆಂದು ನಾನು ಹೇಳುತ್ತಿಲ್ಲ. ದೂರ ಸರಿದ ಹೆಣ್ಣಿನ ಕತ್ತನ್ನು ಕಚ್ಚಿ ಗಂಡು ಹಿಂದಕ್ಕೆ ಕರೆತರುವುದುಂಟು. ಆದರೆ ಪರಿಚಿತ ಗಂಡಿನ ಸಂಗಾತಿಯಾದ ಹೆಣ್ಣನ್ನು ಮತ್ತೊಂದು ಗಂಡು ಸಾಮಾನ್ಯವಾಗಿ ಅಪಹರಿಸದು. ಜೊತೆಯಲ್ಲಿ ಬೆಳೆದು ಬಾಳಿದ ಪರಿಚಯದಿಂದ ಹುಟ್ಟುವ ಆ ಸಂಯಮಕ್ಕೆ ಲಂಡನ್ನಿನ ಗುಡ್ಡದಲ್ಲಿ ಅವಕಾಶವೇ ಇರಲಿಲ್ಲ.

ಸೆರೆಯಲ್ಲಿ ಕೆಡುವುದು ಬಾಂಧವ್ಯವೊಂದೇ ಅಲ್ಲ, ದಿನಚರಿಯೂ ಹೌದು. ನಮ್ಮ ಸಿಂಗಳೀಕವನ್ನೇ ನೋಡಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡಿನಲ್ಲಿ, ಮರದಿಂದ ಮರಕ್ಕೆ ಸಾಗುತ್ತ, ಹಣ್ಣನ್ನು ಹುಡುಕಿ, ತೊಗಟೆಯ ಸಂದಿನ ಹುಳುವನ್ನು ಹೆಕ್ಕಿ ದಿನದ ಬಹುಭಾಗವನ್ನು ಕಳೆಯುವ ಈ ಜೀವಕ್ಕೆ, ಹೆಚ್ಚಿದ ಹಣ್ಣನ್ನು ತಟ್ಟೆಯಲ್ಲಿ ಒಮ್ಮೆಗೇ ಇಟ್ಟುಬಿಟ್ಟರೆ ಉಳಿದ ಹೊತ್ತಿನಲ್ಲಿ ಅದು ಮಾಡುವುದಾದರೂ ಏನು? ಸೆರೆಯ ಕಪಿಗಳು ಕುಳಿತಲ್ಲೇ ತೂಗಾಡುವುದು, ಒಂದೇ ಜಾಡಿನಲ್ಲಿ ಸುತ್ತುವುದು, ತಮ್ಮ ರೋಮವನ್ನು ತಾವೇ ಕಿತ್ತುಕೊಳ್ಳುವುದು—ಇವು ಸ್ವಭಾವವಲ್ಲ, ವ್ಯಾಧಿ, ಮಾಡಿದವರು ನಾವು.

ಆಹಾರವನ್ನು ಚದುರಿಸಿ ಬಚ್ಚಿಡುವುದು, ಏರಲು ಎತ್ತರದ ಕೊಂಬೆಗಳನ್ನೂ ನೋಟಕರ ಕಣ್ಣಿನಿಂದ ಮರೆಯಾಗಲು ತಾವನ್ನೂ ಒದಗಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಕೂಡಿ ಬೆಳೆದ ಗುಂಪನ್ನು ಒಡೆಯದಿರುವುದು ಮೃಗಾಲಯಗಳ ಕರ್ತವ್ಯ. ಇಷ್ಟನ್ನು ಮಾಡಲಾಗದೆಡೆ ಕಪಿಯನ್ನು ಇಟ್ಟುಕೊಳ್ಳಬಾರದು. ನೋಡಲು ಹೋಗುವ ತಾವೂ ಕಡಲೆಕಾಯಿ ಎಸೆಯದೆ, ಕೂಗಿ ಕೆಣಕದೆ, ಜಾಲರಿಯ ಬಳಿ ಅರ್ಧ ಗಂಟೆ ಮೌನವಾಗಿ ನಿಂತು ನೋಡಿರಿ. ಮಕ್ಕಳಿಗೂ ಹಾಗೆ ನಿಲ್ಲುವುದನ್ನು ಕಲಿಸಿರಿ.